ಕೌಶಿಕದ ಬಾಲಕನೂ ಉಸಿರಿನ ವಿದ್ಯೆಯೂ



ಚಿಂತೆ ಹುಟ್ಟುವುದು ಮನಸ್ಸಿನಲ್ಲಿ; ಅದರ ಭಾರ ಹೊರುವುದು ದೇಹ. ಚನ್ನರಾಯಪಟ್ಟಣದ ತೆಂಗಿನ ಬೆಳೆಗಾರರಿಗೆ ಬೆಲೆಯ ಚಿಂತೆ, ಅರಕಲಗೂಡಿನ ಹೊಗೆಸೊಪ್ಪಿನ ರೈತರಿಗೆ ಸಾಲದ ಚಿಂತೆ, ಹೊಳೆನರಸೀಪುರದ ತಾಯಿಗೆ ಮಕ್ಕಳ ಪರೀಕ್ಷೆಯ ಚಿಂತೆ. ಇವು ಹೆಗಲನ್ನು ಬಿಗಿಗೊಳಿಸಿ, ಉಸಿರನ್ನು ಮೊಟಕುಮಾಡಿ, ನಿದ್ರೆಯನ್ನು ಕಸಿಯುತ್ತವೆ. ಈ ಬಿಗಿತವನ್ನು ಸಡಿಲಿಸುವ ವಿದ್ಯೆಯೊಂದು ಲೋಕಕ್ಕೆ ಹರಡಿದ ಕಥೆಯಲ್ಲಿ ನಮ್ಮ ಹಾಸನಕ್ಕೂ ಪಾಲಿದೆ.

ಹಾಸನದ ಸಮೀಪದ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಕೆ. ಪಟ್ಟಾಭಿ ಜೋಯಿಸರು ಜನಿಸಿದರು. 1927ರಲ್ಲಿ, ತಮ್ಮ 12ನೆಯ ವಯಸ್ಸಿನಲ್ಲಿ, ಹಾಸನದ ಜ್ಯುಬಿಲಿ ಹಾಲ್‌ನಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಯೋಗಪ್ರದರ್ಶನವನ್ನು ಕಂಡು, ಮರುದಿನವೇ ಅವರ ಶಿಷ್ಯರಾದರು. ಎರಡು ವರ್ಷ ಅಲ್ಲಿಯೇ ಅಭ್ಯಾಸ ಮಾಡಿ, 1930ರಲ್ಲಿ ಸಂಸ್ಕೃತ ವ್ಯಾಸಂಗಕ್ಕಾಗಿ ಮೈಸೂರಿಗೆ ತೆರಳಿದರು. ಮುಂದೆ ಕೃಷ್ಣಮಾಚಾರ್ಯರೂ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಜೋಯಿಸರು 1937ರಿಂದ 1973ರವರೆಗೆ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸಿದರು. 1948ರಲ್ಲಿ ಲಕ್ಷ್ಮೀಪುರದಲ್ಲಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. 1975ರಲ್ಲಿ ಅಮೆರಿಕೆಗೆ ಹೋಗಿ ಕಲಿಸಿದರು.

ಅವರ ಕ್ರಮದಲ್ಲಿ ಪ್ರತಿಯೊಂದು ಚಲನೆಗೂ ಒಂದು ಉಸಿರು. ಕೊನೆಗೆ ಮಲಗಿ ವಿಶ್ರಾಂತಿ. ಅದೇ 1975ರಲ್ಲಿ ಹಾರ್ವರ್ಡ್‌ನ ವೈದ್ಯ ಹರ್ಬರ್ಟ್ ಬೆನ್ಸನ್ ಅವರು, ಗಮನವನ್ನು ಒಂದೆಡೆ ನಿಲ್ಲಿಸಿ ಶಾಂತವಾಗಿ ಕುಳಿತರೆ ದೇಹದ ಉದ್ವೇಗ ತಗ್ಗುವುದೆಂದು ತಮ್ಮ ಗ್ರಂಥದಲ್ಲಿ ವಿವರಿಸಿದರು. ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ಹೃದಯದ ಬಡಿತವೂ ನಿಧಾನವಾಗುತ್ತದೆ.

ಆದರೆ ಇತಿಹಾಸವನ್ನು ಅರ್ಧಕ್ಕೆ ನಿಲ್ಲಿಸಲಾಗದು. 2009ರಲ್ಲಿ ಜೋಯಿಸರು ನಿಧನರಾದ ಮೇಲೆ ಹಲವು ಶಿಷ್ಯೆಯರು ಅವರ ಅನುಚಿತ ಸ್ಪರ್ಶದಿಂದಾದ ನೋವನ್ನು ಬಹಿರಂಗವಾಗಿ ಹೇಳಿದರು; 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸರು, ತಾವೂ ಅಂಥದ್ದನ್ನು ಕಂಡಿದ್ದಾಗಿ ಒಪ್ಪಿ ವಿಷಾದಿಸಿದರು. ನಡೆ-ನುಡಿ ಒಂದಾಗಿರಬೇಕೆಂಬ ಶರಣರ ಅಳತೆಗೋಲಿಗೆ ಯಾವ ಗುರುವೂ ಹೊರತಲ್ಲ. ವಿದ್ಯೆಯನ್ನು ಸ್ವೀಕರಿಸುವಾಗ ವಿವೇಕವನ್ನು ಒತ್ತೆಯಿಡಬೇಕಾಗಿಲ್ಲ.

ಕಲಿಯಲು ಹೆಚ್ಚೇನೂ ಬೇಡ. ದಿನಕ್ಕೆ ಹತ್ತು ನಿಮಿಷ ಚಾಪೆಯ ಮೇಲೆ ಅಂಗಾತ ಮಲಗಿ, ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಸಡಿಲಬಿಟ್ಟು, ಉಸಿರನ್ನು ಗಮನಿಸುವುದು ಸಾಕು. ಹೃದ್ರೋಗಿಗಳೂ ಗರ್ಭಿಣಿಯರೂ ಕಠಿಣ ಆಸನಗಳಿಗೆ ಮುನ್ನ ವೈದ್ಯರನ್ನು ಕೇಳಬೇಕು; ನಿದ್ರೆಗೆಡಿಸುವ ದುಃಖ ವಾರಗಟ್ಟಲೆ ಉಳಿದರಂತೂ ವೈದ್ಯರ ಬಳಿಗೆ ಹೋಗಲೇಬೇಕು.

ಈ ಅಭ್ಯಾಸ ಸಾಲವನ್ನು ತೀರಿಸದು, ಮಳೆಯನ್ನು ತರದು. ಅವುಗಳನ್ನು ಎದುರಿಸಬೇಕಾದ ಮನಸ್ಸನ್ನು ಸ್ಥಿರಗೊಳಿಸುತ್ತದೆ.