ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವ ಪೊರೆಗಳು

ಕಾರ್ಖಾನೆಯ ಚಿಮಣಿಯ ಹೊಗೆಯಲ್ಲಿಯೂ ನೆಲದಾಳದಿಂದ ತೆಗೆಯುವ ನೈಸರ್ಗಿಕ ಅನಿಲದಲ್ಲಿಯೂ ಇಂಗಾಲದ ಡೈಆಕ್ಸೈಡ್ ಇತರ ಅನಿಲಗಳೊಡನೆ ಬೆರೆತಿರುತ್ತದೆ. ಇದನ್ನು ಬೇರ್ಪಡಿಸಲು ಬಹುಕಾಲದಿಂದ ಅಮೈನ್ ದ್ರಾವಣ ಬಳಕೆಯಲ್ಲಿದೆ. ದ್ರಾವಣವೇನೋ ಅನಿಲವನ್ನು ಹೀರಿಕೊಳ್ಳುತ್ತದೆ; ಆದರೆ ಹೀರಿದ್ದನ್ನು ಬಿಡಿಸಲು ಅದನ್ನು ಕಾಯಿಸಬೇಕು. ಆ ಶಾಖದ ವೆಚ್ಚ ಅಪಾರ. ಇದಕ್ಕೆ ಪರ್ಯಾಯವೇ ಪೊರೆ.

ಪೊರೆಯೆಂದರೆ ಜರಡಿಯಲ್ಲ. ಸಾಮಾನ್ಯ ಪಾಲಿಮರ್ ಪೊರೆಯಲ್ಲಿ ಕಾಣುವಂಥ ರಂಧ್ರಗಳಿರುವುದಿಲ್ಲ. ಅನಿಲವು ಒತ್ತಡ ಹೆಚ್ಚಿರುವ ಬದಿಯಲ್ಲಿ ಪೊರೆಯೊಳಗೆ ಕರಗಿ, ಮೆಲ್ಲನೆ ಸರಿದು, ಒತ್ತಡ ಕಡಿಮೆಯಿರುವ ಬದಿಯಲ್ಲಿ ಹೊರಬರುತ್ತದೆ. ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ 1866ರಲ್ಲಿಯೇ ರಬ್ಬರ್ ಹಾಳೆಯನ್ನಿಟ್ಟುಕೊಂಡು ಇದನ್ನು ವಿವರಿಸಿದ್ದರು. ಇಂಗಾಲದ ಡೈಆಕ್ಸೈಡಿನ ಅಣುವಿನ ವ್ಯಾಸ ಸುಮಾರು 0.33 ನ್ಯಾನೋಮೀಟರ್, ಮೀಥೇನಿನದು 0.38. ಮೊದಲನೆಯದು ಚಿಕ್ಕದು, ಪೊರೆಯಲ್ಲಿ ಹೆಚ್ಚಾಗಿ ಕರಗುವಂಥದು. ಆದ್ದರಿಂದಲೇ ಅದು ಬೇಗನೆ ಪಾರಾಗುತ್ತದೆ.

ದಪ್ಪ ಪೊರೆಯಲ್ಲಿ ಅನಿಲದ ಹರಿವು ತೀರ ನಿಧಾನ. 1960ರ ದಶಕದ ಆರಂಭದಲ್ಲಿ ಸಿಡ್ನಿ ಲೋಯೆಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರು ಉಪ್ಪುನೀರನ್ನು ಸಿಹಿಯಾಗಿಸಲೆಂದು, ರಂಧ್ರಮಯ ಆಧಾರದ ಮೇಲೆ ಅತಿ ತೆಳುವಾದ ಪದರವುಳ್ಳ ಸೆಲ್ಯುಲೋಸ್ ಅಸಿಟೇಟ್ ಪೊರೆಯನ್ನು ರೂಪಿಸಿದರು. ಇಂದು ಮನೆಮನೆಯಲ್ಲಿರುವ ನೀರು ಶುದ್ಧೀಕರಿಸುವ ಯಂತ್ರದ ಮೂಲವೂ ಇದೇ. ಈ ಬಗೆಯ ಪೊರೆಗಳು 1980ರ ದಶಕದಲ್ಲಿ ನೈಸರ್ಗಿಕ ಅನಿಲದ ಶುದ್ಧೀಕರಣಕ್ಕೂ ಬಂದವು.

ಅಲ್ಲಿ ಅನಿಲಕ್ಕೆ ಸಹಜವಾಗಿಯೇ ಹೆಚ್ಚಿನ ಒತ್ತಡವಿರುತ್ತದೆ. ಚಿಮಣಿಯ ಹೊಗೆಯ ಪರಿಸ್ಥಿತಿ ಬೇರೆ. ಕಲ್ಲಿದ್ದಲು ಉಷ್ಣವಿದ್ಯುತ್ ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 12ರಿಂದ 15ರಷ್ಟು ಮಾತ್ರ; ಒತ್ತಡವೂ ವಾತಾವರಣದಷ್ಟೇ. ಹೊಗೆಯನ್ನೆಲ್ಲ ಒತ್ತಿ ತಳ್ಳಲು, ಇಲ್ಲವೇ ಆಚೆಯಿಂದ ನಿರ್ವಾತ ಪಂಪಿನಿಂದ ಸೆಳೆಯಲು ವಿದ್ಯುತ್ತು ಬೇಕು. ಸ್ಥಾವರವು ತಾನು ಉತ್ಪಾದಿಸಿದ್ದರಲ್ಲಿ ಒಂದು ಪಾಲನ್ನು ಇದಕ್ಕೇ ತೆರಬೇಕಾಗುತ್ತದೆ. ಇನ್ನೊಂದು ತೊಡಕನ್ನು ಲಾಯ್ಡ್ ರೋಬ್ಸನ್ 1991ರಲ್ಲಿ ತೋರಿಸಿಕೊಟ್ಟರು: ಅನಿಲವನ್ನು ವೇಗವಾಗಿ ಬಿಡುವ ಪಾಲಿಮರ್ ಚೆನ್ನಾಗಿ ಆರಿಸುವುದಿಲ್ಲ, ಚೆನ್ನಾಗಿ ಆರಿಸುವುದು ವೇಗವಾಗಿ ಬಿಡುವುದಿಲ್ಲ. ಈ ಮಿತಿಯನ್ನು ಮೀರುವುದೇ ಇಂದಿನ ಸಂಶೋಧನೆಯ ಗುರಿ.

ನಮಗೆ ಪರಿಚಿತವಾದ ಗೋಬರ್ ಅನಿಲದಲ್ಲಿಯೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವುದುಂಟು. ಅದನ್ನು ಪೊರೆಯಿಂದ ತೆಗೆದರೆ ಉಳಿಯುವ ಮೀಥೇನ್ ವಾಹನಗಳಿಗೆ ಇಂಧನವಾಗುತ್ತದೆ.

ಆದರೆ ಪೊರೆಯ ಕೆಲಸ ಬೇರ್ಪಡಿಸುವುದಷ್ಟೇ. ಬೇರ್ಪಟ್ಟ ಅನಿಲವನ್ನು ಭೂಗರ್ಭದಲ್ಲಿ ಭದ್ರಪಡಿಸದೆ ಅಥವಾ ಬೇರೆ ಬಳಕೆಗೆ ತಾರದೆ ಗಾಳಿಗೇ ಬಿಟ್ಟರೆ, ಭೂಮಿಯ ತಾಪದ ಲೆಕ್ಕದಲ್ಲಿ ಆ ಶ್ರಮವೆಲ್ಲ ವ್ಯರ್ಥ.