ಸೇತುವೆ ಕಟ್ಟಿ ಕಲಿಯುವುದು

ಪ್ರಾಥಮಿಕ ಶಾಲೆಯ ಮಕ್ಕಳಿಂದ ಪುಟ್ಟ ಸೇತುವೆ ಕಟ್ಟಿಸಿ, ಅದರ ಮೇಲೆ ಭಾರ ಹೇರಿಸಿ, ಮುರಿದದ್ದನ್ನು ಮತ್ತೆ ಕಟ್ಟಿಸುತ್ತ ಎಂಜಿನಿಯರಿಂಗ್‌ನ ಮೊದಲ ಪಾಠ ಹೇಳಿಕೊಡುವ ಕ್ರಮ. ಅಮೆರಿಕದ ಬಾಸ್ಟನ್ ವಿಜ್ಞಾನ ವಸ್ತುಸಂಗ್ರಹಾಲಯ 2003ರಲ್ಲಿ ಆರಂಭಿಸಿದ ‘ಎಂಜಿನಿಯರಿಂಗ್ ಈಸ್ ಎಲಿಮೆಂಟರಿ’ ಪಠ್ಯಕ್ರಮದಲ್ಲಿ ಸೇತುವೆಗೆಂದೇ ಒಂದು ಘಟಕವಿದೆ. ಕೇಳು, ಊಹಿಸು, ಯೋಜಿಸು, ಕಟ್ಟು, ಸುಧಾರಿಸು ಎಂಬ ಐದು ಹೆಜ್ಜೆಗಳಲ್ಲಿ ಅದು ಸಾಗುತ್ತದೆ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಎಂಜಿನಿಯರಿಂಗ್ ಪಾಠವಲ್ಲ. ಆದರೆ ಮಾಡುತ್ತ ಕಲಿಯುವ ರೂಢಿಯನ್ನು ಅದು ಸರ್ಕಾರಿ ಶಾಲೆಗಳಿಗೆ ತಂದುಕೊಟ್ಟಿದ್ದರಿಂದ ಈ ಕ್ರಮಕ್ಕೆ ನೆಲ ಹದವಾಗಿದೆ.

ಸಾಮಗ್ರಿಗೆ ದುಡ್ಡು ಬೇಕಿಲ್ಲ. ಜೋಳದ ದಂಟು ಸುಲಿದು, ಸಿಪ್ಪೆಯ ಕಡ್ಡಿಗಳನ್ನು ಬೆಂಡಿಗೆ ಚುಚ್ಚಿ ಆಟದ ಚಕ್ಕಡಿ ಮಾಡುವುದು ಹಾವೇರಿ ಸೀಮೆಯ ಮಕ್ಕಳಿಗೆ ಗೊತ್ತಿರುವ ಕೆಲಸ. ಅದೇ ಕಡ್ಡಿ, ಅದೇ ಬೆಂಡು ಸೇತುವೆಗೂ ಸಾಕು. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಸೇರಿಸಿದರೆ ಅಲುಗದೆ ನಿಲ್ಲುತ್ತದೆ. ರೈಲು ಸೇತುವೆಯ ಕಬ್ಬಿಣದ ತ್ರಿಕೋನಗಳು ಯಾಕಿವೆಯೆಂದು ಮಗುವಿಗೆ ಬೇರೆ ಹೇಳಬೇಕಿಲ್ಲ. ಎರಡು ಪುಸ್ತಕಗಳ ನಡುವೆ ಇಟ್ಟ ಹಾಳೆ ನಾಣ್ಯಕ್ಕೇ ಕುಸಿಯುತ್ತದೆ. ಬೀಸಣಿಗೆಯಂತೆ ಮಡಚಿದರೆ ಅದೇ ಹಾಳೆ ಹಿಡಿ ನಾಣ್ಯ ಹೊರುತ್ತದೆ. ಕಾಗದ ಹೆಚ್ಚಿಲ್ಲ, ಎತ್ತರ ಬಂದಿದೆ, ಬಿಗಿ ಬಂದಿದೆ.

ಕಮಾನನ್ನು ಮೈಯಿಂದಲೇ ಕಲಿಸಬಹುದು. ಇಬ್ಬರು ಮಕ್ಕಳು ಎದುರುಬದುರು ನಿಂತು, ಅಂಗೈಗೆ ಅಂಗೈ ಒತ್ತಿ ಕಾಲು ಹಿಂದಕ್ಕೆ ಸರಿಸಿದರೆ ಪಾದ ಜಾರುತ್ತದೆ. ಹಿಮ್ಮಡಿಗೆ ಒತ್ತಾಗಿ ಇನ್ನಿಬ್ಬರು ಕೂತರೆ ಜಾರುವುದು ನಿಲ್ಲುತ್ತದೆ. ದಡದಲ್ಲಿ ಭಾರೀ ಕಟ್ಟಡದ ಆಸರೆ ಕಮಾನಿಗೆ ಬೇಕಾಗುವುದು ಈ ಹೊರದೂಡುವ ಬಲಕ್ಕಾಗಿ. ತೂಗುಸೇತುವೆಯಲ್ಲಿ ಇದು ತಲೆಕೆಳಗು: ಅಲ್ಲಿ ಹಗ್ಗ ದಡವನ್ನು ಒಳಕ್ಕೆ ಎಳೆಯುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿಗೆ ಅರಂಬೂರಿನಲ್ಲಿ ಕಟ್ಟಿದ ಕಾಲುಸೇತುವೆ ಈ ಬಗೆಯದು; ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ಈ ಪಾಠಕ್ಕೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಊರು ತುಂಗಭದ್ರೆಯ ಎಡದಂಡೆಯಲ್ಲಿದೆ, ಎದುರಿಗೇ ಹರಿಹರ. ಅಲ್ಲಿ ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಕಲ್ಲು, ಇಟ್ಟಿಗೆಗಳಿಂದ ಕಟ್ಟಿದ ಕಮಾನು ಸೇತುವೆ 1868ರಲ್ಲಿ ಮುಗಿಯಿತು. ಆಗ ಆಚೆ ದಡ ಮೈಸೂರು ಸಂಸ್ಥಾನ, ಈಚೆ ದಡ ಮುಂಬೈ ಪ್ರಾಂತ್ಯ.

ಹಲವು ಶಾಲೆಗಳಲ್ಲಿ ಸೇತುವೆಯೆಂದರೆ ವಿಜ್ಞಾನ ಪ್ರದರ್ಶನಕ್ಕೆ ಬಣ್ಣ ಬಳಿದಿಟ್ಟ ಥರ್ಮೋಕೋಲ್ ಮಾದರಿ, ಅದೂ ಅಪ್ಪ-ಅಮ್ಮ ರಾತ್ರಿ ಕೂತು ಮಾಡಿದ್ದು. ಅದರಲ್ಲಿ ಕಲಿಕೆ ಇಲ್ಲ. ಸೇತುವೆ ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಎಂದು ಮಗು ನೋಡಿ ಹೇಳುವ ಗಳಿಗೆಯೇ ಈ ಪಾಠದ ಜೀವ. ಆದ್ದರಿಂದ ಎರಡನೆಯ ಸಲ ಕಟ್ಟಲು ಇನ್ನೊಂದು ಪೀರಿಯಡ್ ಕಡ್ಡಾಯವಾಗಿ ಇಟ್ಟುಕೊಳ್ಳಬೇಕು. ಮಕ್ಕಳನ್ನು ಹೊಳೆಯ ಬಳಿಗೆ ಕರೆದೊಯ್ಯುವ ಮೇಷ್ಟ್ರು ಬೇಸಿಗೆಯಲ್ಲಿ, ನೀರು ಇಳಿದಾಗ, ದಡದಿಂದಲೇ ತೋರಿಸಲಿ. ಕಂಬಗಳ ಬುಡ ಕಾಣುವುದು ಆಗಲೇ.