ವಲಸೆ ಹೋಗದ ತಿಮಿಂಗಿಲ

ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ನಿರ್ಮಾಣವಾದ ಮಲ್ಲಿಕಾರ್ಜುನ ದೇವಾಲಯವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಹೊಯ್ಸಳರ ಕಾಲದ ಆ ಗುಡಿಯ ಹೊರಗೋಡೆಯ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಹಂಸಗಳ ಸಾಲಿನೊಂದಿಗೆ ಮಕರಗಳ ಸಾಲೂ ಇದೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಈ ಬಯಲು ನಾಡಿನಲ್ಲಿ ಶಿಲ್ಪಿಯು ಕಡಲಿನ ಮಹಾಪ್ರಾಣಿಯೊಂದನ್ನು ಕಲ್ಪಿಸಿ ಕಲ್ಲಿನಲ್ಲಿ ಕಡೆದನು. ನಮ್ಮ ನುಡಿಯಲ್ಲಿರುವ ‘ತಿಮಿಂಗಿಲ’ ಎಂಬ ಪದವೂ ಅಂತಹುದೇ. ‘ತಿಮಿ’ ಎಂಬ ಹೆಮ್ಮೀನನ್ನೇ ನುಂಗುವಂಥದು ಎಂಬುದು ಅದರ ಅರ್ಥ. ಪ್ರವಾದಿ ಯೋನನ ಕಥೆಯನ್ನು ಕೇಳಿ ಬೆಳೆದ ನಮ್ಮ ಮಕ್ಕಳಿಗೂ ತಿಮಿಂಗಿಲವೆಂದರೆ ನುಂಗುವ ಪ್ರಾಣಿಯೇ. ಆದರೆ ನಮ್ಮ ಪಶ್ಚಿಮದ ಕಡಲಿನಲ್ಲಿ ನಿಜವಾಗಿಯೂ ಬಾಳುತ್ತಿರುವ ತಿಮಿಂಗಿಲವೊಂದರ ಇತಿಹಾಸವನ್ನು ನೋಡಿದರೆ, ನುಂಗಿದವರು ಯಾರು, ನುಂಗಿಸಿಕೊಂಡವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಅದು ಗೂನುಬೆನ್ನಿನ ತಿಮಿಂಗಿಲ. ಆಳಕ್ಕೆ ಮುಳುಗುವ ಮುನ್ನ ಬೆನ್ನನ್ನು ಕಮಾನಿನಂತೆ ಬಾಗಿಸುವುದರಿಂದ ಈ ಹೆಸರು ಬಂದಿದೆ. ಉದ್ದ ಸುಮಾರು 13ರಿಂದ 16 ಮೀಟರ್. ತೂಕ 25ರಿಂದ 35 ಟನ್. ದೇಹದ ಮೂರನೆಯ ಒಂದು ಭಾಗದಷ್ಟು ಉದ್ದವಾದ ಎರಡು ಈಜುರೆಕ್ಕೆಗಳು ಅದಕ್ಕಿವೆ. ಇಷ್ಟು ಭಾರದ ದೇಹವನ್ನು ಅದು ನೀರಿನಿಂದ ಮೇಲಕ್ಕೆ ಚಿಮ್ಮಿಸಿ, ಮಗುಚಿ ಬೀಳಬಲ್ಲದು. ಅದಕ್ಕೆ ಹಲ್ಲುಗಳಿಲ್ಲ. ಬಾಯಲ್ಲಿರುವ ಜಾಲರಿಯಂತಹ ಪಟ್ಟಿಗಳಿಂದ ನೀರನ್ನು ಸೋಸಿ ಸಣ್ಣ ಮೀನುಗಳನ್ನೂ ಸೀಗಡಿಯಂತಹ ಜೀವಿಗಳನ್ನೂ ತಿನ್ನುತ್ತದೆ. ತಾಯಿ ಸುಮಾರು ಹನ್ನೊಂದು ತಿಂಗಳು ಹೊತ್ತು ಒಂದೇ ಮರಿಯನ್ನು ಹೆರುತ್ತಾಳೆ. ಒಂದು ವರ್ಷದವರೆಗೂ ಹಾಲೂಡಿಸುತ್ತಾಳೆ. ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಹೆರಿಗೆ. ಬಾಲದ ಅಡಿಯ ಕಪ್ಪು ಬಿಳುಪಿನ ಚಿತ್ತಾರವು ನಮ್ಮ ಬೆರಳಚ್ಚಿನಂತೆ ಒಂದೊಂದಕ್ಕೂ ಬೇರೆ ಬೇರೆ.

ಎಲ್ಲಕ್ಕಿಂತ ಸೋಜಿಗದ ಸಂಗತಿ ಅದರ ಹಾಡು. ಗಂಡು ತಿಮಿಂಗಿಲಗಳು ನಿಯತವಾದ ಸ್ವರಸಾಲುಗಳನ್ನು ಗಂಟೆಗಟ್ಟಲೆ ಮತ್ತೆ ಮತ್ತೆ ಹಾಡುತ್ತವೆ. ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಎಂಬ ಅಮೆರಿಕನ್ನರು 1971ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಒಂದು ಕಡಲಿನ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡನ್ನು ಹಾಡುತ್ತವೆ. ಆ ಹಾಡು ಕಾಲಕ್ರಮದಲ್ಲಿ ಎಲ್ಲರ ಬಾಯಲ್ಲೂ ಒಟ್ಟಿಗೆ ಬದಲಾಗುತ್ತದೆ.

ಲೋಕದ ಉಳಿದ ಗೂನುಬೆನ್ನಿನ ತಿಮಿಂಗಿಲಗಳೆಲ್ಲ ಮಹಾ ವಲಸಿಗರು. ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣೀರಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಚಳಿಗಾಲದಲ್ಲಿ ಬೆಚ್ಚನೆಯ ಕಡಲಿಗೆ ಬಂದು ಮರಿ ಹಾಕುತ್ತವೆ. ಸಾವಿರಾರು ಕಿಲೋಮೀಟರ್‌ಗಳ ಪಯಣವದು. ಆದರೆ ಅರಬ್ಬೀ ಸಮುದ್ರದ ತಿಮಿಂಗಿಲಗಳು ಈ ವಲಸೆಯನ್ನೇ ಕೈಗೊಳ್ಳುವುದಿಲ್ಲ. ಅವುಗಳ ಉತ್ತರಕ್ಕೆ ಏಷ್ಯಾದ ನೆಲವಿದೆ, ಧ್ರುವಕ್ಕೆ ಹಾದಿಯಿಲ್ಲ. ದಕ್ಷಿಣದ ಬಂಧುಗಳ ಜೊತೆ ಅಂಟಾರ್ಕ್ಟಿಕಕ್ಕೂ ಅವು ಹೋಗುವುದಿಲ್ಲ. ಹಾಗಾದರೆ ವರ್ಷವಿಡೀ ಬೆಚ್ಚನೆಯ ಕಡಲಿನಲ್ಲಿ ಅವುಗಳಿಗೆ ಅನ್ನವಿಕ್ಕುವವರಾರು?

ಉತ್ತರವು ಮಂಡ್ಯ, ಮದ್ದೂರು, ಮಳವಳ್ಳಿಯ ರೈತನಿಗೆ ಚೆನ್ನಾಗಿ ಗೊತ್ತು: ನೈರುತ್ಯ ಮುಂಗಾರು. ಜೂನ್ ತಿಂಗಳಲ್ಲಿ ಏಳುವ ಆ ಗಾಳಿ ಕೊಡಗಿನ ಬೆಟ್ಟಗಳಲ್ಲಿ ಮಳೆ ಸುರಿಸಿ ಕಾವೇರಿಯನ್ನು ತುಂಬುತ್ತದೆ. ಕನ್ನಂಬಾಡಿಯ ಅಣೆಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ನಮ್ಮ ಭತ್ತಕ್ಕೂ ಕಬ್ಬಿಗೂ ನೀರಾಗುತ್ತದೆ. ಅದೇ ಗಾಳಿ ಇಲ್ಲಿಗೆ ಬರುವ ಮುನ್ನ ಸೊಮಾಲಿಯಾ, ಓಮಾನ್ ತೀರಗಳ ಉದ್ದಕ್ಕೂ ಬೀಸಿ ಮೇಲ್ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆಗ ತಳದ ತಣ್ಣನೆಯ, ಸತ್ವಭರಿತ ನೀರು ಮೇಲೇರುತ್ತದೆ. ಅದರಲ್ಲಿ ಸೂಕ್ಷ್ಮಸಸ್ಯಗಳು ಹುಲುಸಾಗುತ್ತವೆ. ಅವನ್ನು ನಂಬಿ ಭೂತಾಯಿ, ಬಂಗುಡೆಯಂತಹ ಮೀನುಗಳ ಹಿಂಡುಗಳು ಹೆಚ್ಚುತ್ತವೆ. ನಮ್ಮ ಕರಾವಳಿಯ ಎದುರಿನಲ್ಲೂ ಇದೇ ಕ್ರಿಯೆ ಕಡಿಮೆ ಪ್ರಮಾಣದಲ್ಲಿ ನಡೆಯುತ್ತದೆ. ನಮ್ಮ ಹೊಲಕ್ಕೆ ನೀರು ತರುವ ಗಾಳಿಯೇ ಆ ತಿಮಿಂಗಿಲದ ಹೊಲವನ್ನೂ ಉಳುತ್ತದೆ. ಹೀಗೆ ಒಂದೇ ಋತುವಿನ ಕೃಪೆಯಲ್ಲಿ ಅವೂ ನಾವೂ ಬದುಕುತ್ತಿದ್ದೇವೆ.

ಇಷ್ಟೆಲ್ಲ ನಮಗೆ ತಿಳಿದು ಬಂದ ಬಗೆಯೇ ಒಂದು ದುಃಖದ ಇತಿಹಾಸ. ತಿಮಿಂಗಿಲ ಬೇಟೆಯನ್ನು ನಿಯಂತ್ರಿಸಲು 1946ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಸೋವಿಯತ್ ಒಕ್ಕೂಟವೂ ಅದಕ್ಕೆ ಸಹಿ ಹಾಕಿತು. ಗೂನುಬೆನ್ನಿನ ತಿಮಿಂಗಿಲಗಳು ಅಳಿವಿನ ಅಂಚಿಗೆ ಬಂದುದರಿಂದ 1963ರಲ್ಲಿ ದಕ್ಷಿಣಾರ್ಧ ಗೋಳದಲ್ಲೂ 1966ರ ವೇಳೆಗೆ ಉಳಿದೆಡೆಯೂ ಅವುಗಳ ವಾಣಿಜ್ಯ ಬೇಟೆಗೆ ನಿಷೇಧ ಬಂದಿತು. ಅದೇ 1966ರ ನವೆಂಬರಿನಲ್ಲಿ, ಕಪ್ಪು ಸಮುದ್ರದ ಒಡೆಸ್ಸಾ ಬಂದರಿನಿಂದ ಅಂಟಾರ್ಕ್ಟಿಕಕ್ಕೆ ಹೊರಟ ಸೋವಿಯತ್ ಬೇಟೆ ಹಡಗುಗಳು ಅರಬ್ಬೀ ಸಮುದ್ರದಲ್ಲಿ ತಡೆದು ನಿಂತವು. ಅದರ ಹಿಂದಿನ ವರ್ಷದ ಕೆಲವನ್ನೂ ಸೇರಿಸಿ, ಓಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಎದುರಿನ ಕಡಲಿನಲ್ಲಿ ಒಟ್ಟು 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಕೊಲ್ಲಲ್ಪಟ್ಟವುಗಳಲ್ಲಿ ಬಸುರಿಯರೂ ಇದ್ದರು. ಈ ಲೆಕ್ಕವನ್ನು ಹೊರಲೋಕಕ್ಕೆ ತಿಳಿಸಲಿಲ್ಲ.

ಹಸಿವಿನಿಂದ ಮಾಡಿದ ಕೃತ್ಯವೇ ಅದು? ಅಲ್ಲ. ವಾರ್ಷಿಕ ಯೋಜನೆಯ ಗುರಿಯನ್ನು ಮುಟ್ಟಬೇಕು, ಮೀರಿದರೆ ಬಹುಮಾನ; ಅಷ್ಟೇ. ಎಷ್ಟೋ ವೇಳೆ ಮಾಂಸದ ಹೆಚ್ಚಿನ ಭಾಗ ವ್ಯರ್ಥವಾಗುತ್ತಿತ್ತು. ದಕ್ಷಿಣಾರ್ಧ ಗೋಳವೊಂದರಲ್ಲೇ ಸೋವಿಯತ್ ಹಡಗುಗಳು 48,000ಕ್ಕೂ ಹೆಚ್ಚು ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದು, 2,710 ಎಂದು ಮಾತ್ರ ವರದಿ ಮಾಡಿದ್ದವು. 1972ರಲ್ಲಿ ಹಡಗುಗಳ ಮೇಲೆ ಅಂತಾರಾಷ್ಟ್ರೀಯ ವೀಕ್ಷಕರನ್ನು ಇರಿಸಿದ ಬಳಿಕವೇ ಈ ಕಳ್ಳಬೇಟೆ ಬಹುಮಟ್ಟಿಗೆ ತಗ್ಗಿತು.

ಆದರೆ ಅದೇ ಹಡಗುಗಳಲ್ಲಿ ಜೀವವಿಜ್ಞಾನಿಗಳೂ ಇದ್ದರು. ಕೊಂದ ಪ್ರತಿಯೊಂದು ಪ್ರಾಣಿಯ ಉದ್ದ, ಹೊಟ್ಟೆಯೊಳಗಿನ ಆಹಾರ, ಗರ್ಭದಲ್ಲಿದ್ದ ಮರಿಯ ಅಳತೆಯನ್ನು ಅವರು ನಿಷ್ಠೆಯಿಂದ ಬರೆದಿಟ್ಟರು. ನಿಜವಾದ ಲೆಕ್ಕಗಳು ಸರ್ಕಾರಿ ರಹಸ್ಯವಾಗಿದ್ದವು. ಬಯಲು ಮಾಡಿದರೆ ಶಿಕ್ಷೆ. ಆದರೂ ಕೆಲವರು ಕಾಗದಗಳನ್ನು ನಾಶ ಮಾಡದೆ ಮನೆಯಲ್ಲಿ ಬಚ್ಚಿಟ್ಟರು. ಒಬ್ಬರಂತೂ ಆಲೂಗಡ್ಡೆ ಇಡುವ ನೆಲಮಾಳಿಗೆಯಲ್ಲಿ ಅಡಗಿಸಿದ್ದರು. ಸೋವಿಯತ್ ಒಕ್ಕೂಟ ಕುಸಿದ ಬಳಿಕ, 1993ರಲ್ಲಿ ರಷ್ಯಾದ ವಿಜ್ಞಾನಿ ಅಲೆಕ್ಸಿ ಯಬ್ಲೊಕೊವ್ ಈ ವಂಚನೆಯನ್ನು ಅಮೆರಿಕದ ಸಮ್ಮೇಳನವೊಂದರಲ್ಲಿ ಬಹಿರಂಗಪಡಿಸಿದರು. ಒಡೆಸ್ಸಾದ ಹಡಗುಗಳಲ್ಲಿ ಕೆಲಸ ಮಾಡಿದ್ದ ಯೂರಿ ಮಿಖಲೆವ್ 1997ರಲ್ಲಿ ಅರಬ್ಬೀ ಸಮುದ್ರದ ಆ ದಾಖಲೆಗಳನ್ನು ಪ್ರಕಟಿಸಿದರು.

ಆಗ ಬೆಳಕಿಗೆ ಬಂದ ಸತ್ಯವನ್ನು ಗಮನಿಸಿರಿ. ಗರ್ಭದ ಮರಿಗಳ ಅಳತೆಯು ಉತ್ತರಾರ್ಧ ಗೋಳದ ಋತುಗಳಿಗೆ ಹೊಂದುತ್ತಿತ್ತು. ಹೊಟ್ಟೆಯಲ್ಲಿದ್ದ ಆಹಾರ ಅದೇ ಕಡಲಿನ ಭೂತಾಯಿ ಮುಂತಾದ ಮೀನುಗಳದ್ದಾಗಿತ್ತು. ಅಂದರೆ ಇವು ಅಂಟಾರ್ಕ್ಟಿಕದಿಂದ ಬಂದ ಅತಿಥಿಗಳಲ್ಲ, ಈ ಕಡಲಿನ ನಿವಾಸಿಗಳೇ. 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಇವು ಸುಮಾರು 70,000 ವರ್ಷಗಳಿಂದ ಇತರ ಬಂಧುಗಳಿಂದ ಬೇರೆಯಾಗಿ ಬಾಳುತ್ತಿವೆ ಎಂದು ಅಂದಾಜಿಸಿತು. ಇವುಗಳ ಹಾಡೂ ನೆರೆಯ ಹಿಂದೂ ಮಹಾಸಾಗರದ ಹಾಡಿಗಿಂತ ಬೇರೆ. ಹೊರಗಿನಿಂದ ಬಂದು ಇವುಗಳ ಸಂಖ್ಯೆಯನ್ನು ತುಂಬುವವರು ಯಾರೂ ಇಲ್ಲ. ಕೊಂದ 242ರ ಭಾರ ನಮಗೆ ಅರ್ಥವಾಗುವುದು ಇಲ್ಲಿಯೇ. ಓಮಾನ್ ತೀರದಲ್ಲಿ 2000ದಿಂದ 2004ರವರೆಗೆ ಬಾಲದ ಚಿತ್ತಾರಗಳ ಛಾಯಾಚಿತ್ರಗಳನ್ನು ಹೋಲಿಸಿ ಎಣಿಸಿದಾಗ ಸಿಕ್ಕ ಅಂದಾಜು ಕೇವಲ 82.

2017ರ ನವೆಂಬರಿನಲ್ಲಿ ಓಮಾನಿನ ವಿಜ್ಞಾನಿಗಳು ಒಂದು ಹೆಣ್ಣು ತಿಮಿಂಗಿಲದ ಬೆನ್ನಿಗೆ ಉಪಗ್ರಹ ಸಂಕೇತ ಕಳಿಸುವ ಉಪಕರಣವನ್ನು ಅಳವಡಿಸಿದರು. ಅದರ ಹೆಸರು ಲುಬಾನ್. ಅರಬ್ಬಿಯಲ್ಲಿ ಲುಬಾನ್ ಎಂದರೆ ಪರಿಮಳ ಧೂಪ; ಮೂವರು ಜ್ಞಾನಿಗಳು ಬೆತ್ಲೆಹೇಮಿಗೆ ತಂದ ಕಾಣಿಕೆಗಳಲ್ಲೊಂದು. ಆ ಧೂಪದ ಮರಗಳಿಗೆ ಓಮಾನಿನ ದೋಫಾರ್ ಸೀಮೆ ಇಂದಿಗೂ ಪ್ರಸಿದ್ಧ. ಲುಬಾನ್ ಆ ಚಳಿಗಾಲದಲ್ಲಿ ಅರಬ್ಬೀ ಸಮುದ್ರವನ್ನು ಅಡ್ಡಲಾಗಿ ದಾಟಿ ಗೋವಾದ ಎದುರಿಗೆ ಬಂದಳು, ಅಲ್ಲಿಂದ ದಕ್ಷಿಣಕ್ಕೆ ಕೇರಳದತ್ತ ಇಳಿದಳು, ಮುಂದೆ ಓಮಾನಿಗೆ ಮರಳಿದಳು. ಆ ದಾರಿಯಲ್ಲಿ ಕಾರವಾರ, ಮಲ್ಪೆ, ಮಂಗಳೂರುಗಳ ಎದುರಿನ ಕಡಲೂ ಇದೆ. ನಮ್ಮ ಸಂತೆಗೆ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಬರುವ ಭೂತಾಯಿ, ಬಂಗುಡೆಗಳು ಈಜುವ ಕಡಲದು.

ಭಾರತದಲ್ಲಿ ತಿಮಿಂಗಿಲಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಈಗ ಈಟಿಯ ಭಯವಿಲ್ಲ. ಬಲೆಯ ಭಯವಿದೆ, ವೇಗದ ಹಡಗುಗಳ ಭಯವಿದೆ. ಓಮಾನಿನಲ್ಲಿ ಗುರುತಿಸಿದ ತಿಮಿಂಗಿಲಗಳಲ್ಲಿ ಮೂರರಲ್ಲಿ ಒಂದರಷ್ಟರ ಮೈಮೇಲೆ ಬಲೆ ಹಗ್ಗಗಳ ಗಾಯದ ಗುರುತುಗಳಿವೆ. ಕೊಲ್ಲುವ ಮನಸ್ಸಿಲ್ಲದ ಬಡ ಮೀನುಗಾರನ ಬಲೆಯೂ ಇಷ್ಟು ಸಣ್ಣ ಹಿಂಡಿಗೆ ಮಾರಕವಾಗಬಲ್ಲದು. ಆತನನ್ನು ದೂರುವುದರಿಂದ ಫಲವಿಲ್ಲ. ಸಿಕ್ಕ ಪ್ರಾಣಿಯನ್ನು ಬಿಡಿಸುವ ತರಬೇತಿಯನ್ನೂ, ಹರಿದ ಬಲೆಯ ನಷ್ಟಕ್ಕೆ ಪರಿಹಾರವನ್ನೂ ನೀಡಬೇಕಾದುದು ಮೀನನ್ನು ಕೊಂಡು ಉಣ್ಣುವ ಸಮಾಜದ ಕರ್ತವ್ಯ. ಆ ಸಮಾಜದಲ್ಲಿ ನಾವೂ ಇದ್ದೇವೆ.

ಮುಂದಿನ ಜೂನ್‌ನಲ್ಲಿ ಪಡುವಣ ಮೋಡಗಳು ಮೇಲೇರಿ ಬಂದಾಗ ಕನ್ನಂಬಾಡಿಯ ನೀರಿನ ಮಟ್ಟವನ್ನು ನಾವೆಲ್ಲರೂ ಪತ್ರಿಕೆಯಲ್ಲಿ ನೋಡುತ್ತೇವೆ. ಆಗ ನಿಮ್ಮ ಮಕ್ಕಳಿಗೆ ಈ ವಿಷಯವನ್ನೂ ತಿಳಿಸಿರಿ. ಅದೇ ಗಾಳಿಯನ್ನು ನಂಬಿ, ಬೇರೆಲ್ಲೂ ಹೋಗದೆ, ತನ್ನದೇ ಹಾಡನ್ನು ಹಾಡುತ್ತಿರುವ ಒಂದು ಸಣ್ಣ ಬಳಗವು ಕಡಲಿನಲ್ಲಿ ಇನ್ನೂ ಉಳಿದಿದೆ.